ಹಲ್ಲಿಯಮ್ಮನ ಸಾಕ್ಷಿ

ಮಕ್ಕಳೇ, ಒಂದು ಕೆರೆಯ ದಂಡೆಯಲ್ಲಿ ನೀರಿನತ್ತ ಬಾಗಿದ ಈಚಲು ಮರವಿತ್ತು. ಅದರ ಕೆಳಗೆ ಕೊಕ್ಕರೆ ಮೇಷ್ಟ್ರು ಗೀಜಗನ ಮರಿಗಳಿಗೆ ಶಾಲೆ ನಡೆಸುತ್ತಿದ್ದರು. ಮೇಷ್ಟ್ರ ಸ್ವಂತ ಗೂಡು ಬರೀ ಕಡ್ಡಿಯ ರಾಶಿ. ಆದರೂ ನೇಯ್ಗೆಯ ಪರೀಕ್ಷೆ ಮಾಡುವವರು ಅವರೇ. ಮರಿಗಳು ಪಕ್ಕದ ಜಾಲಿ ಮರದಲ್ಲಿ ತಾವೇ ಒಂದೊಂದು ಗೂಡು ನೇಯ್ದು ತೋರಿಸಬೇಕು, ಬೇರೆಯವರದ್ದನ್ನು ತಮ್ಮದೆನ್ನಬಾರದು. ಗೆದ್ದವರಿಗೆ ಮನೆ ಕಟ್ಟಲು ನೀರಿನ ಮೇಲೆ ಚಾಚಿದ ಈಚಲ ಗರಿ ಸಿಗುತ್ತಿತ್ತು. ಸೋತವರು ಹಾವಿನ ಭಯದಲ್ಲಿ ಜಾಲಿಯಲ್ಲೇ ಇರಬೇಕಿತ್ತು.

ಒಂದೊಂದು ಗೂಡನ್ನೂ ಕೂತು ನೋಡಿದರೆ ಮೇಷ್ಟ್ರಿಗೆ ಮೀನಿನ ಹೊತ್ತು ತಪ್ಪುತ್ತಿತ್ತು. ಅದಕ್ಕೆ ಹಲ್ಲಿಯಮ್ಮನನ್ನು ಕರೆದರು. ಆಕೆ ಅಲ್ಲಿನ ಗೂಡುಗಳನ್ನೆಲ್ಲ ಕಂಡವಳು, ಕಂಡದ್ದನ್ನು ಮರೆಯದವಳು. ಮೊದಲೇ ಕಂಡದ್ದು ಮತ್ತೆ ಕಂಡರೆ ಲೊಚಗುಟ್ಟಬೇಕು ಎಂದು ಒಪ್ಪಂದವಾಯಿತು. ಹಲ್ಲಿ ಲೊಚಗುಟ್ಟಿದರೆ ಮಾತು ನಿಜವೆಂದು ಊರೇ ನಂಬುತ್ತದಲ್ಲ, ಮೇಷ್ಟ್ರೂ ನಂಬಿದರು.

ನಾರಪ್ಪ ಎಂಬ ಮರಿ ಕೊಕ್ಕು ನೋಯುವಷ್ಟು ದುಡಿದು ಗೂಡು ನೇಯ್ದಿದ್ದ. ಅದರ ಮೊದಲ ಗಂಟು ನೋಡಿ ಹಲ್ಲಿಯಮ್ಮ ಲೊಚಗುಟ್ಟಿದಳು. ಮೇಷ್ಟ್ರು ಕೂತಲ್ಲಿಂದಲೇ ಅದು ಕದ್ದ ಗೂಡೆಂದು ತೀರ್ಪು ಕೊಟ್ಟುಬಿಟ್ಟರು.

"ಮೊದಲ ಗಂಟು ತಾತ ಕಲಿಸಿದ್ದು ಮೇಷ್ಟ್ರೇ. ನಮ್ಮೋರೆಲ್ಲ ಹಾಕೋದೂ ಅದೇ ಗಂಟು. ಅದಿಲ್ಲದೆ ಗೂಡು ನಿಲ್ಲಲ್ಲ," ಎಂದು ನಾರಪ್ಪ ಗೋಗರೆದ. ಪಾಪ, ಕೇಳುವವರಾರು?

ಡೌಲಪ್ಪ ಎಂಬ ಇನ್ನೊಂದು ಮರಿಯ ಕತೆಯೇ ಬೇರೆ. ಚಿಕ್ಕಪ್ಪ ಬಿಟ್ಟುಹೋದ ಹಳೆಯ ಗೂಡಿಗೆ ಕೆಸರು ಮೆತ್ತಿ, ಮೇಲೆ ಹಸಿರು ಹುಲ್ಲು ಹೊದಿಸಿದ್ದ. ಗುರುತು ಸಿಗದೆ ಹಲ್ಲಿಯಮ್ಮ ಸುಮ್ಮನಿದ್ದಳು. ಮೇಷ್ಟ್ರು ಬೆನ್ನು ತಟ್ಟಿ ಒಳ್ಳೆಯ ಗರಿಯನ್ನೇ ಕೊಟ್ಟರು.

ಅಷ್ಟರಲ್ಲಿ ಜೋರು ಗಾಳಿ ಬೀಸಿ ಎರಡೂ ಗೂಡು ಹರಿದವು. ನಾರಪ್ಪ ಅಳುತ್ತಲೇ ಹರಿದ ಎಳೆ ಹುಡುಕಿ ಮತ್ತೆ ಹೆಣೆಯತೊಡಗಿದ. ಡೌಲಪ್ಪ ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಗೂಡಿನ ಸುತ್ತ ಹಾರಾಡಿದ. ಕೊನೆಗೆ ಅವನ ಗೂಡು ಕಳಚಿ ನೆಲಕ್ಕೆ ಬಿತ್ತು.

ನಿಜವಾಗಿ ನೇಯ್ದವರು ಯಾರೆಂದು ಕಂಡು ಮೇಷ್ಟ್ರಿಗೆ ಕಸಿವಿಸಿಯಾಯಿತು. ಹಲ್ಲಿಯಮ್ಮನನ್ನು ತರಾಟೆಗೆ ತೆಗೆದುಕೊಂಡರು.

"ಅಲ್ರೀ ಮೇಷ್ಟ್ರೇ, ಇಂಥದ್ದು ಹಿಂದೆ ಕಂಡಿದ್ದೀನಿ ಅಂತಷ್ಟೇ ನಾನು ಹೇಳಿದ್ದು. ಕಳ್ಳತನ ಅಂದಿದ್ದು ನೀವು," ಎಂದಳು ಹಲ್ಲಿಯಮ್ಮ.

ಮೇಷ್ಟ್ರು ತಲೆತಗ್ಗಿಸಿದರು. ನಾರಪ್ಪನನ್ನು ರೆಕ್ಕೆಯಡಿಗೆ ಎಳೆದುಕೊಂಡು, "ತಪ್ಪಾಯ್ತು ಮಗಾ," ಎಂದು ಆ ಒಳ್ಳೆಯ ಗರಿಯನ್ನು ಅವನಿಗೇ ಕೊಟ್ಟರು. ಡೌಲಪ್ಪನನ್ನೂ ಓಡಿಸಲಿಲ್ಲ, ಮೊದಲ ಗಂಟು ಕಲಿಯಲೆಂದು ನಾರಪ್ಪನ ಪಕ್ಕದಲ್ಲೇ ಕೂರಿಸಿದರು. ಅಂದಿನಿಂದ ಹಲ್ಲಿಯಮ್ಮ ಲೊಚಗುಟ್ಟಲಿ, ಸುಮ್ಮನಿರಲಿ, ಮೇಷ್ಟ್ರು ಮೀನು ಬಿಟ್ಟು ಎದ್ದು ಬರುತ್ತಿದ್ದರು. ಮರಿಯ ಪಕ್ಕ ಕೂತು ಕೇಳುತ್ತಿದ್ದರು: "ಹೇಗೆ ನೇಯ್ದೆ, ತೋರಿಸು ಕಂದ."

ನೀತಿ: ಹೋಲಿಕೆ ಕಂಡ ಮಾತ್ರಕ್ಕೆ ಕಳ್ಳನೆನ್ನಬಾರದು, ಹತ್ತಿರ ಕೂತು ಕೇಳಿದರೆ ನಿಜ ತಿಳಿಯುತ್ತದೆ.