ಹೊನ್ನಿಯ ಮತ್ತಿಮರ ಮತ್ತು ಕಾಣದ ಕಿರಣ

ಲೋಕದ ಮೈ ಇನ್ನೂ ಹಸಿಯಾಗಿದ್ದ ಕಾಲ ಅದು. ಬೆಟ್ಟಗಳು ಆಗತಾನೇ ಕೂರಲು ಕಲಿತಿದ್ದವು, ಹೊಳೆಗಳಿಗೆ ದಾರಿ ಇನ್ನೂ ಬಾಯಿಪಾಠ ಆಗಿರಲಿಲ್ಲ. ಗಾಳಿ, ನೀರು, ಬೆಳಕು ಎಲ್ಲವೂ ಮನುಷ್ಯರ ಜೊತೆ ಮಾತಾಡುತ್ತಿದ್ದವು. ಈಗ ಯಾಕೆ ಮಾತಾಡಲ್ಲ ಅಂತ ಕೇಳಬೇಡ ಕಂದಾ. ನಾವು ಬಾಯಿ ಮುಚ್ಚಿದರಲ್ಲವೇ ಅವು ಬಾಯಿ ಬಿಡೋದು.

ಆ ಕಾಲದ ಒಂದು ಊರಿಗೆ ಇದ್ದದ್ದು ಒಂದೇ ಕೆರೆ. ಊರಲ್ಲಿ ಮಗು ಹುಟ್ಟಿದರೆ ಕೆರೆಯ ದಡದಲ್ಲಿ ಒಂದು ಸಸಿ ನೆಡುತ್ತಿದ್ದರು. ಆ ಮರಕ್ಕೆ ಆ ಮಗುವಿನದೇ ಹೆಸರು. ಅದರ ಒಂದು ಕೊಂಬೆ ಮುರಿದರೂ ಮಗುವಿನ ಕೈ ಮುರಿದಂತೆ ಎಂದು ಊರೇ ನಂಬಿತ್ತು. ಹೀಗೆ ನೆಟ್ಟು ನೆಟ್ಟು, ಮರಗಳು ಬೆಳೆದು ಬೆಳೆದು ಒಂದರ ತಲೆ ಇನ್ನೊಂದಕ್ಕೆ ತಾಗಿ, ಕೊನೆಗೆ ನೀರಿಗೆ ಆಕಾಶವೇ ಕಾಣದಂತಾಯಿತು. ನಮ್ಮ ಕೆರೆಗೆ ಬಿಸಿಲೇ ಬೀಳಲ್ಲ ಎಂದು ಊರವರು ಜಂಬ ಕೊಚ್ಚಿಕೊಂಡರು.

ಕೆರೆ ನೋಡಿಕೊಳ್ಳುತ್ತಿದ್ದವಳು ಸಣ್ಣೀರಮ್ಮ. ಅವಳಿಗಿದ್ದ ಒಬ್ಬಳೇ ಮಗಳು ಹೊನ್ನಿ, ಮೊಮ್ಮಗಳು ಚಿಕ್ಕಿಯನ್ನು ಹೆತ್ತ ಬಾಣಂತನದಲ್ಲೇ ತೀರಿಕೊಂಡಿದ್ದಳು. ಹೊನ್ನಿಯ ಮತ್ತಿಮರ ಮಾತ್ರ ಉಳಿದಿತ್ತು. ಎಲ್ಲಕ್ಕಿಂತ ದೊಡ್ಡದು, ನಡುನೀರಿನ ಮೇಲೆ ತಲೆ ಚಾಚಿ ನಿಂತಿತ್ತು. ಸಣ್ಣೀರಮ್ಮ ದಿನಾ ಬೆಳಗ್ಗೆ ಅದರ ಬೊಡ್ಡೆಯ ಮೇಲೆ ಅಂಗೈ ಇಟ್ಟು ಮನೆಯ ಸುದ್ದಿ ಹೇಳಿಯೇ ಕೊಡ ಮುಳುಗಿಸುತ್ತಿದ್ದಳು.

ಒಂದು ವರ್ಷ ನೀರು ಕೆಟ್ಟಿತು. ನಿಮ್ಮಮ್ಮ ಕುದಿಸುವ ಟೀ ಡಿಕಾಕ್ಷನ್ ಇದೆಯಲ್ಲ, ಆ ಬಣ್ಣಕ್ಕೆ ತಿರುಗಿತು. ಮೇಲೆ ಲೋಳೆ ಕಟ್ಟಿತು, ವಾಸನೆ ಎದ್ದಿತು. ನೀರು ಕುದಿಸಿ ಕುಡಿಯುವುದನ್ನು ಜನ ಆಗಿನ್ನೂ ಕಲಿತಿರಲಿಲ್ಲ. ಮಕ್ಕಳಿಗೆ ವಾಂತಿ, ಭೇದಿ ಹಿಡಿಯಿತು. ಚಿಕ್ಕಿಯೂ ಮಲಗಿದಳು, ಮೂರು ದಿನ ಕಣ್ಣು ಬಿಡಲಿಲ್ಲ.

ಸಣ್ಣೀರಮ್ಮ ಕೆರೆಯನ್ನೇ ಕೇಳಿದಳು, ನಿನಗೇನಾಗಿದೆ ತಾಯೀ ಎಂದು. ನನಗೇನು ಬೇಕೋ ಅದು ಬೆಳಕಿನ ಕಿರಣಗಳ ಹತ್ತಿರ ಇದೆ, ಅವರನ್ನೇ ಕೇಳು ಎಂದಿತು ಕೆರೆ.

ಬೆಳಗ್ಗೆ ಸೂರ್ಯನ ಹಿರಿಮಗಳು ಕೆಂಪು ಕಿರಣ ಬೊಡ್ಡೆಗಳ ಸಂದಿಯಿಂದ ಬಂದಳು. ನೀರನ್ನು ಬೆಚ್ಚಗೆ ಮಾಡಬಲ್ಲೆ, ಕೊಳೆಯ ಮೇಲೆ ನನ್ನ ಆಟ ನಡೆಯಲ್ಲ ಎಂದಳು. ಆಮೇಲೆ ಹಸಿರು ಕಿರಣ ಎಲೆಗಳನ್ನು ದಾಟಿ ಇಳಿದಳು. ಅವಳ ಕೈಯಲ್ಲೂ ಆಗಲಿಲ್ಲ. ನಮ್ಮ ಕಿರಿಯವಳನ್ನು ಕೇಳು, ಕಾಮನಬಿಲ್ಲಿನಲ್ಲಿ ನೇರಳೆಯವಳ ಆಚೆಗೆ ನಿಂತಿರುತ್ತಾಳೆ, ಯಾರ ಕಣ್ಣಿಗೂ ಬೀಳಲ್ಲ ಎಂದು ಹೇಳಿ ಹೋದಳು.

ಸಣ್ಣೀರಮ್ಮ ಸುಡು ಮಧ್ಯಾಹ್ನ ಬಟಾಬಯಲಿಗೆ ಹೋಗಿ ಕೂತಳು. ಕತ್ತು ಚುರುಗುಟ್ಟಿತು. ಅಲ್ಲೇ ಕಿವಿಯ ಹತ್ತಿರ ಒಂದು ಸಣ್ಣ ದನಿ ಕೇಳಿತು.

"ಅಕ್ಕಂದಿರದು ಉದ್ದ ಹೆಜ್ಜೆ ಅವ್ವಾ, ನನ್ನದು ಗಿಡ್ಡ ಹೆಜ್ಜೆ. ಹೆಜ್ಜೆ ಗಿಡ್ಡವಾದಷ್ಟೂ ಪೆಟ್ಟು ಜೋರು. ನಿನ್ನ ಕೆರೆಯಲ್ಲಿ ಉದುರಿದ ಎಲೆ ಬಿಟ್ಟ ರಸ ಇದೆಯಲ್ಲ, ಅದಕ್ಕೆ ನಾನು ತಾಗಿದರೆ ನೀರಲ್ಲಿ ಕಿಡಿಯಂಥದ್ದು ಹುಟ್ಟುತ್ತೆ. ಅದು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬದುಕಲ್ಲ. ಅಷ್ಟರಲ್ಲೇ ಪಕ್ಕದ ಕೊಳೆಯನ್ನು ಕಚ್ಚಿ ಸಾಯುತ್ತೆ. ಆದರೆ ನೀರು ಮುಟ್ಟುವ ಮೊದಲೇ ಮರದ ಎಲೆಗಳು ನನ್ನನ್ನು ನುಂಗಿಬಿಡುತ್ತವೆ. ನಡುನೀರಿನ ಮೇಲೆ ಆಕಾಶ ಬಿಡಿಸಿಕೊಡು."

ನಡುನೀರಿನ ಮೇಲೆ ಯಾವ ಮರ ಇದೆ ಅಂತ ಅವಳೇನೂ ಕೇಳಲಿಲ್ಲ. ಗೊತ್ತಿತ್ತಲ್ಲ.

ಮನೆಗೆ ಹೋಗಿ ಕೊಡಲಿ ತಂದಳು. ಊರವರು ದಡದಲ್ಲಿ ನೆರೆದರು. ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ, ಕೈ ಹಾಕುವ ಧೈರ್ಯವೂ ಬರಲಿಲ್ಲ. ಅವಳು ಎಂದಿನಂತೆ ಬೊಡ್ಡೆಯ ಮೇಲೆ ಅಂಗೈ ಇಟ್ಟಳು. ಅಷ್ಟು ವರ್ಷ ಸುಮ್ಮನೆ ಕೇಳಿಸಿಕೊಂಡಿದ್ದ ಮರ ಅವತ್ತು ತಾನೇ ಮಾತಾಡಿತು.

"ಅವ್ವಾ, ಚಿಕ್ಕಿ ಹೇಗಿದ್ದಾಳೆ?"

"ಏಳ್ತಾ ಇಲ್ಲ ಮಗಳೇ."

"ಹಾಗಾದ್ರೆ ಇನ್ನೂ ಯಾಕೆ ನಿಂತಿದ್ದೀಯ?"

ಸಣ್ಣೀರಮ್ಮ ಕಡಿದಳು. ಒಂದೊಂದು ಏಟಿಗೂ ಮಗಳ ಹೆಸರು ಹಿಡಿದು ಅತ್ತಳು. ಆದರೂ ಕೈ ನಿಲ್ಲಿಸಲಿಲ್ಲ. ಹೊತ್ತು ಇಳಿಯುವಾಗ ಮರ ನೀರಿಗೆ ಬಿತ್ತು. ಆಮೇಲೆ ಊರವರು ಇಳಿದು ಕೊಂಬೆಗಳನ್ನು ಎಳೆದು ದಡಕ್ಕೆ ಹಾಕಿದರು. ಎಲೆಗಳು ಮಾತ್ರ ನೀರಲ್ಲೇ ಉಳಿದವು.

ಮೊದಲ ದಿನ ಏನೂ ಆಗಲಿಲ್ಲ. ಮರವೂ ಹೋಯಿತು, ನೀರೂ ಹೋಯಿತು ಎಂದು ಜನ ಗೊಣಗಿದರು. ಮೂರನೆಯ ದಿನ ಮೇಲಿನ ಒಂದು ಗೇಣು ನೀರು ತಿಳಿಯಾಯಿತು. ಅದಕ್ಕಿಂತ ಆಳಕ್ಕೆ ಇಳಿಯುವುದು ಆ ಗಿಡ್ಡ ಹೆಜ್ಜೆಯವಳ ಕೈಲಾಗಲಿಲ್ಲ. ಆಗ ಗಾಳಿ ಬಂದು ನೀರನ್ನು ಮಗುಚಿತು. ಕೆಳಗಿನದು ಮೇಲೆ ಬಂತು, ಮೇಲಿನದು ಕೆಳಗೆ ಹೋಯಿತು. ಗಾಳಿ ಮಗುಚುತ್ತಾ ಹೋಯಿತು, ಕಾಣದ ಕಿರಣ ತೊಳೆಯುತ್ತಾ ಹೋಯಿತು. ಸಣ್ಣೀರಮ್ಮ ತಿಳಿನೀರನ್ನಷ್ಟೇ ಮೆಲ್ಲಗೆ ಮೊಗೆದು ಮೊಮ್ಮಗಳಿಗೆ ಗುಟುಕು ಗುಟುಕಾಗಿ ಕುಡಿಸಿದಳು. ಎಂಟನೆಯ ದಿನ ಚಿಕ್ಕಿ ಎದ್ದು ಕೂತು ಗಂಜಿ ಕೇಳಿದಳು.

ಸಣ್ಣೀರಮ್ಮ ಓಡಿಬಂದು ಕಾಣದವಳಿಗೆ ಕೈ ಮುಗಿದಳು. ಕಿರಣ ಒಪ್ಪಲಿಲ್ಲ.

"ನಾನು ತಾಗಿದೆ, ಅಷ್ಟೇ ಅವ್ವಾ. ಕಿಡಿ ಹುಟ್ಟಿದ್ದು ನಿನ್ನ ಮಗಳ ಎಲೆಯ ರಸದಲ್ಲಿ."

ಸಣ್ಣೀರಮ್ಮ ಕಡಿದುಳಿದ ಬೊಡ್ಡೆಯ ಮೇಲೆ ಕೂತಳು. ಬಗ್ಗಿ ಅಂಗೈಯನ್ನು ನೀರಿನಲ್ಲಿ ಇಟ್ಟಳು. ಚಿಕ್ಕಿ ಎರಡು ಲೋಟ ಗಂಜಿ ಕುಡಿದಳು, ಉಪ್ಪು ಸಾಲದು ಅಂತ ಸಿಡುಕಿದಳು ಎಂದು ಮನೆಯ ಸುದ್ದಿಯನ್ನೆಲ್ಲ ಹೇಳಿದಳು.

ಅದಕ್ಕೇ ಕಂದಾ, ಇವತ್ತಿಗೂ ದಟ್ಟ ಮರಗಳ ಅಡಿಯ ನೀರು ಟೀ ಬಣ್ಣಕ್ಕಿರುತ್ತೆ, ಆಕಾಶ ಕಾಣುವ ನೀರು ತಿಳಿಯಾಗಿರುತ್ತೆ. ಉದುರಿದ ಎಲೆ ನೀರಿಗೆ ಬಣ್ಣ ಬಿಟ್ಟು, ಆ ಬಣ್ಣವೂ ಬಿಸಿಲಲ್ಲಿ ದಿನದಿನಕ್ಕೆ ಮಾಸುತ್ತಾ ಹೋಗುವುದನ್ನು ನೀನು ನೋಡುತ್ತೀಯಲ್ಲ, ಅದು ಹೊನ್ನಿ ತನ್ನ ಮಗಳಿಗೆ ಇನ್ನೂ ನೀರು ತೊಳೆದುಕೊಡುತ್ತಿರುವುದು.