ಗೆರೆ ದಾಟುವ ತನಕ ತಮಟೆ

ಮೇಲ್ಪೇಟೆಯ ಫುಟ್‌ಬಾಲ್ ತಂಡಕ್ಕೆ ನಂಜುಂಡ ಅಂತ ಒಬ್ಬ ಕಟ್ಟಾ ಅಭಿಮಾನಿ. ಪಂದ್ಯವಿದ್ದ ದಿನ ತಮಟೆ ಬಾರಿಸುವವನು ಅವನೇ. ಆ ಊರಲ್ಲೊಂದು ಪದ್ಧತಿ ಇತ್ತು. ಆಟಗಾರ ಮೈದಾನ ಬಿಟ್ಟು ಹೊರಡುವಾಗ ಅವನ ಪೇಟೆಯವರು ತಮಟೆ ಬಾರಿಸಬೇಕು. ಅವನು ಗೆರೆ ದಾಟಿದನೋ, ತಮಟೆ ನಿಲ್ಲಬೇಕು.

ತಂಡದಲ್ಲಿ ಎಲ್ಲರಿಗಿಂತ ಹಿರಿಯ ಪೊನ್ನುಸ್ವಾಮಿ. ಎಷ್ಟೋ ವರ್ಷ ಮೇಲ್ಪೇಟೆಯ ಮಾನ ಉಳಿಸಿದವನು. ಈಗ ಮಂಡಿನೋವು, ಓಟ ನಿಧಾನ. ಕೆಳಪೇಟೆಯ ಮೇಲಿನ ಈ ಪಂದ್ಯವೇ ಅವನ ಕೊನೆಯ ಆಟ. ಅದು ಎಲ್ಲರಿಗೂ ಗೊತ್ತು. ಆದರೆ ಹೋದ ವರ್ಷ ಅವನು ಪೆನಾಲ್ಟಿ ಹೊರಗೆ ಒದ್ದು ಕಪ್ ಕೈತಪ್ಪಿತ್ತಲ್ಲ, ನಂಜುಂಡನ ಸಿಟ್ಟು ಇನ್ನೂ ಆರಿರಲಿಲ್ಲ.

"ಆ ಮುದುಕನಿಗೆ ನಾನಂತೂ ಬಾರಿಸಲ್ಲ. ನೀವೂ ಚಪ್ಪಾಳೆ ತಟ್ಟಬೇಡಿ," ಎಂದು ಜೊತೆಯವರ ಕಿವಿ ಊದಿದ್ದ.

ಆಟ ಮುಗಿಯಲು ಇನ್ನೂ ಹೊತ್ತಿರುವಾಗ ಕೋಚ್ ಅವನಿಗೆ ಹೊರಗೆ ಬರುವಂತೆ ಕೈಸನ್ನೆ ಮಾಡಿದರು. ಪೊನ್ನುಸ್ವಾಮಿ ಕುಂಟುತ್ತಾ ಹೊರಟ. ಮೇಲ್ಪೇಟೆ ಕಡೆ ಒಬ್ಬರಾದರೂ ತುಟಿಪಿಟಕ್ ಎನ್ನಬೇಕಲ್ಲ! ಅವನು ಗೆರೆಯ ಹತ್ತಿರ ನಿಂತು ತನ್ನವರತ್ತ ನೋಡಿದ. ನಂಜುಂಡ ಮುಖ ತಿರುಗಿಸಿಕೊಂಡ.

ಅಷ್ಟರಲ್ಲಿ ತಮಟೆ ಸದ್ದು! ನಂಜುಂಡ ಬೆಚ್ಚಿಬಿದ್ದ. ತನ್ನ ತಮಟೆ ತೊಡೆಯ ಮೇಲೇ ಇದೆ. ಬಾರಿಸುತ್ತಿದ್ದವರು ಯಾರು ಅಂತೀರಿ? ಕೆಳಪೇಟೆಯವರು! ಪೊನ್ನುಸ್ವಾಮಿಯ ಹೆಸರೆತ್ತಿದರೆ ಉರಿದುಬೀಳುತ್ತಿದ್ದ ಎದುರಾಳಿಗಳು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅವನು ಅವರಿಗೆ ಕೈಮುಗಿದು ಗೆರೆ ದಾಟಿದ.

ನಂಜುಂಡ ಓಡಿಹೋಗಿ ಅವರ ಕಡೆ ತಮಟೆ ಬಾರಿಸಿದ ಯಾಕೂಬ್ ಸಾಬರನ್ನು ಕೇಳಿದ, "ಏನ್ರೀ ಇದು? ನಮ್ಮವನಿಗೆ ನೀವ್ಯಾಕೆ ಬಾರಿಸ್ತೀರಿ?"

"ಅವನು ಗೋಲು ಹೊಡೆದಾಗೆಲ್ಲ ಅತ್ತವರು ನಾವಪ್ಪ. ಅವನ ಆಟ ಎಂಥದ್ದು ಅಂತ ನಮಗೆ ಗೊತ್ತಿಲ್ವಾ? ನೀವು ಬಾರಿಸ್ತೀರಿ ಅಂತ ಕಾದೆ. ಅವನು ಹಾಗೆ ಒಬ್ಬನೇ ನಿಂತಿದ್ದು ನೋಡೋಕಾಗಲಿಲ್ಲ."

ನಂಜುಂಡನಿಗೆ ಕಪಾಳಕ್ಕೆ ಬಾರಿಸಿದಂತಾಯಿತು. ಅಯ್ಯೋ, ನಾನೇನು ಮಾಡಿಬಿಟ್ಟೆ! ಮರಳಿ ಬಂದು ತಮಟೆ ಎತ್ತಿಕೊಂಡು ಪೊನ್ನುಸ್ವಾಮಿಯ ಬಳಿಗೆ ಓಡಿದ. ಅವನು ಬೂಟು ಬಿಚ್ಚುತ್ತಾ ಕೂತಿದ್ದ.

"ಪೊನ್ನಣ್ಣಾ, ತಪ್ಪಾಯ್ತು. ಈಗ ಬಾರಿಸ್ಲಾ?"

"ಗೆರೆ ದಾಟಿ ಆಯ್ತಲ್ಲೋ ನಂಜುಂಡ," ಎಂದು ಪೊನ್ನುಸ್ವಾಮಿ ನಕ್ಕ. ಕಣ್ಣು ಮಾತ್ರ ತುಂಬಿತ್ತು. "ನನಗೆ ಬೇಡ. ಒಳಗೆ ಆಡ್ತಿರೋರಿಗೆ ಬಾರಿಸು, ಹೋಗು. ನಾಳೆ ಅವರಿಗೂ ಮಂಡಿ ನೋಯುತ್ತೆ."

ನೀತಿ: ನಮಗಾಗಿ ದುಡಿದವರನ್ನು ಅವರ ಒಂದು ತಪ್ಪಿನಿಂದ ಅಳೆಯಬಾರದು. ಕೊಡಬೇಕಾದ ಗೌರವವನ್ನು ಅವರು ಎದುರಿಗಿರುವಾಗಲೇ ಕೊಡಬೇಕು. ಹೊತ್ತು ಮೀರಿದ ಮೇಲೆ ಎಷ್ಟು ಬೇಡಿಕೊಂಡರೂ ಆ ಗಳಿಗೆ ಮತ್ತೆ ಸಿಗುವುದಿಲ್ಲ.