ವೈಜಯಂತಿಯ ಲ್ಯಾಬು

ಚಿದಂಬರ ಆಶ್ರಮಕ್ಕೆ ಬಂದಾಗ ಗುರುಗಳು ಹೊಳೆಯ ಮೆಟ್ಟಿಲ ಮೇಲೆ ನಿಂತು ಒಗೆದ ಪಂಚೆ ಹಿಂಡುತ್ತಿದ್ದರು.

"ಗುರುಗಳೇ, ಒಂದು ತೀರ್ಮಾನ ಆಗ್ಬೇಕಿತ್ತು. ಮನೇಲಿರೋ ಕಂಪ್ಯೂಟರ್ ಲ್ಯಾಬನ್ನ ಕ್ಲೌಡ್‌ಗೆ ಏರಿಸ್ಲಾ, ಇಲ್ಲಾ ಮನೇಲೇ ಉಳಿಸ್ಕೊಳ್ಳಲಾ?"

ಇಂಥ ಪ್ರಶ್ನೆ ಹೊತ್ತು ಆ ಮೆಟ್ಟಿಲು ಇಳಿದವರು ಅದುವರೆಗೆ ಯಾರೂ ಇರಲಿಲ್ಲ. ಗುರುಗಳು ಪಂಚೆಯ ಇನ್ನೊಂದು ತುದಿಯನ್ನು ಅವನ ಕೈಗೆ ಕೊಟ್ಟರು.

"ಕ್ಲೌಡ್ ಅಂದ್ರೆ ಮೋಡ ಅಲ್ವೇನಯ್ಯ? ಮೋಡದಲ್ಲಿ ಕಪಾಟು ಯಾರು ಮಾಡಿಸಿದ್ರು?"

ಬೇರೆ ದಿನವಾಗಿದ್ದರೆ ಚಿದಂಬರ ನಗುತ್ತಿದ್ದ.

"ಹೆಸರಿಗಷ್ಟೇ ಮೋಡ. ಅವೂ ನೆಲದ ಮೇಲಿರೋ ಕಂಪ್ಯೂಟರ್‌ಗಳೇ. ಬೇರೆಯವರದು, ಎಲ್ಲೋ ದೂರದಲ್ಲಿ."

ಲ್ಯಾಬು ಅವನದಲ್ಲ, ಮಗಳು ವೈಜಯಂತಿಯದು. ಗುಜರಿ ಅಂಗಡಿಗಳಿಂದ ಹಳೆಯ ಕಂಪ್ಯೂಟರುಗಳನ್ನು ಹೆಕ್ಕಿ ತಂದು, ಸರಿ ಮಾಡಿ, ತನ್ನ ಕೋಣೆಯಲ್ಲಿ ಒಂದಕ್ಕೊಂದು ಜೋಡಿಸಿದ್ದಳು. ಹೋದ ವರ್ಷ ಅವಳು ತೀರಿಕೊಂಡಳು. ಕಂಪ್ಯೂಟರುಗಳು ಇನ್ನೂ ಓಡುತ್ತಲೇ ಇದ್ದವು.

"ಮನೇಲೇ ಇದ್ರೆ ಏನಾಗುತ್ತೆ?"

"ಒಂದೊಂದೇ ಸಾಯ್ತಿವೆ. ಮೊನ್ನೆ ಇನ್ನೊಂದು ಡಿಸ್ಕ್ ಹೋಯ್ತು. ಅದರಲ್ಲಿ ಅವಳ ಕಾಲೇಜಿನ ಫೋಟೋಗಳಿದ್ವು. ರಿಪೇರಿ ನನಗೆ ಬರಲ್ಲ. ಅವಳಿಗೆ ಬರ್ತಿತ್ತು."

"ಮೇಲೆ ಏರಿಸಿದ್ರೆ?"

"ಭದ್ರವಾಗಿರುತ್ತೆ. ಬೇಕು ಅನ್ನಿಸಿದಾಗ ಫೋನಲ್ಲೇ ನೋಡ್ಬಹುದು."

"ಹಾಗಾದ್ರೆ ತೀರ್ಮಾನ ಆಗೇ ಇದ್ಯಲ್ಲ. ಏರಿಸು."

ಚಿದಂಬರ ಪಂಚೆಯ ತುದಿ ಹಿಡಿದು ನಿಂತೇ ಇದ್ದ.

"ಏರಿಸೋಕೆ ಡಿಸ್ಕ್‌ಗಳನ್ನ ಬಿಚ್ಬೇಕು, ಇಷ್ಟು ಹಳೇವು ಮತ್ತೆ ಶುರುವಾಗಲ್ಲ. ಇವನ್ನೆಲ್ಲ ಶಾಶ್ವತವಾಗಿ ಆಫ್ ಮಾಡ್ಬೇಕಲ್ಲ, ಗುರುಗಳೇ."

"ಮಾಡು."

"ಕೋಣೆ ಸುಮ್ಮನಾಗಿಬಿಡುತ್ತೆ. ಈಗ ಅವುಗಳ ಫ್ಯಾನಿನ ಸದ್ದಿದೆ. ಬಾಗಿಲಾಚೆ ನಿಂತು ಕೇಳಿದ್ರೆ ಅವಳು ಒಳಗೆ ಕೆಲಸ ಮಾಡ್ತಿದ್ದಾಳೆ ಅನ್ನಿಸುತ್ತೆ. ಸುಳ್ಳು ಅಂತ ನನಗೂ ಗೊತ್ತು. ಆ ಸುಳ್ಳೂ ಇಲ್ದೆ ನಾನು ಆ ಮನೇಲಿ ಹೇಗಿರಲಿ?"



ಗುರುಗಳು ಪಂಚೆಯನ್ನು ಒಂದು ಕಡೆಯಿಂದ ತಿರುಚಿದರು. ಅವನು ಇನ್ನೊಂದು ಕಡೆಯಿಂದ ತಿರುಚಿದ.

"ಹಾಗಾದ್ರೆ ಉಳಿಸ್ಕೋ" ಎಂದರು.

"ಉಳಿಸ್ಕೊಂಡ್ರೆ ಅವಳು ಮಾಡಿಟ್ಟದ್ದೆಲ್ಲ ನನ್ನ ಕಣ್ಣೆದುರೇ ಅಳಿಸಿಹೋಗುತ್ತೆ. ಯಾವ ಕಡೆ ಹೋದ್ರೂ ಅವಳನ್ನ ನಾನೇ ಕಳ್ಕೋಬೇಕು."

ಪಂಚೆ ಅವನ ಕೈಯಿಂದ ಜಾರಿತು. ಅವನು ಮೆಟ್ಟಿಲ ಮೇಲೆ ಕುಸಿದು ಕೂತ.

ಗುರುಗಳು ಬಂದು ಪಕ್ಕದಲ್ಲಿ ಕೂತರು.

"ನಿಜ ಹೇಳು. ಬರೀ ಸದ್ದಿಗೋಸ್ಕರವೇನಾ?"

ಚಿದಂಬರ ಹೊಳೆಯ ಕಡೆ ನೋಡುತ್ತಾ ಹೇಳಿದ:

"ಆವತ್ತು ಏನೋ ಕಾಪಿ ಆಗ್ತಿತ್ತು. ಒಂದು ಕೇಬಲ್ ಬೇಕಿತ್ತು ಅಂತ ಸ್ಕೂಟರ್ ತೆಗೆದ್ಲು. ದಾರೀಲಿ ಲಾರಿ ಬಂತು. ಹೊರಡುವಾಗ ಏನಂದ್ಲು ಗೊತ್ತಾ? 'ಅಪ್ಪ, ಯಾವುದನ್ನೂ ಆಫ್ ಮಾಡ್ಬೇಡ, ಬರ್ತೀನಿ' ಅಂದ್ಲು. ಎಲ್ಲರೂ ನನಗೆ ಬುದ್ಧಿ ಹೇಳ್ತಾರೆ. ಆದ್ರೆ ಅವಳು ಬರ್ತೀನಿ ಅಂತ ಬಾಯಿಬಿಟ್ಟು ಹೇಳಿ ಹೋಗಿದ್ದಾಳೆ, ಗುರುಗಳೇ. ಆ ಮಾತನ್ನ ನಾನು ಹೇಗೆ ಆಫ್ ಮಾಡ್ಲಿ?"

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

"ಹೋಗ್ತೀನಿ ಅನ್ಬಾರ್ದು, ಬರ್ತೀನಿ ಅನ್ಬೇಕು ಅಂತ ಮಗೂಗೆ ಕಲಿಸಿದ್ದು ನೀನೇ ಅಲ್ವೇನಪ್ಪ?"